ಮದ್ದು ಪಾಯಸ ಮರೆಯದವರು ಬಿಪಿ ಮಾತ್ರೆ ಮರೆಯುವುದೇಕೆ?

ಆರೋಗ್ಯದ ಅಭ್ಯಾಸವನ್ನು ರೂಪಿಸುವುದು ಸುತ್ತಲಿನ ಊರೋ, ವ್ಯಕ್ತಿಯ ಛಲವೋ? ಎರಡು ವಾದಗಳು ಇಲ್ಲಿವೆ.

ಪರ: ಅಭ್ಯಾಸ ಊರಿನದು

ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರಂದು, ಕೊಡಗಿನ ಹೆಚ್ಚಿನ ಮನೆಗಳಲ್ಲಿ ಮದ್ದು ಸೊಪ್ಪು ಒಲೆಯ ಮೇಲಿರುತ್ತದೆ. ಸೊಪ್ಪು ಬೆಂದ ನೀರು ಕಡುನೇರಳೆಗೆ ತಿರುಗುತ್ತದೆ, ಅದರಲ್ಲಿ ಮಾಡಿದ ಪಾಯಸ ತಿಂದವರ ಮೂತ್ರವೂ ಕೆಂಪಾಗುತ್ತದೆ. ಅದನ್ನು ಕಂಡು ಮಕ್ಕಳು ನಗುತ್ತಾರೆಯೇ ಹೊರತು ಯಾರೂ ಗಾಬರಿಯಾಗುವುದಿಲ್ಲ. ಆ ಸೊಪ್ಪಿಗೆ ಅಂದು ಹದಿನೆಂಟು ಔಷಧಗಳ ಗುಣ ಬರುತ್ತದೆಂಬ ನಂಬಿಕೆಯ ಸತ್ಯಾಸತ್ಯತೆಯನ್ನು ಬದಿಗಿಡೋಣ. ಯಾವ ಪ್ರಚಾರವೂ ಇಲ್ಲದೆ ಒಂದು ಸೀಮೆಯೇ ಒಂದೇ ದಿನ ಮದ್ದು ತಿನ್ನುತ್ತದೆ, ಅದೇ ಮನೆಯ ಹಿರಿಯರು ‘ಈಗ ಆರಾಮಾಗಿದ್ದೇನಲ್ಲ’ ಎಂದು ರಕ್ತದೊತ್ತಡದ ಮಾತ್ರೆಯನ್ನು ತಿಂಗಳ ನಡುವೆ ನಿಲ್ಲಿಸಿಬಿಡುತ್ತಾರೆ. ಪಾಯಸದ ಹಿಂದೆ ಊರಿದೆ, ಮಾತ್ರೆಯ ಹಿಂದೆ ಒಂದು ಚೀಟಿಯಷ್ಟೇ ಇದೆ.

ಸಿದ್ದಾಪುರದ ಕಡೆಯ ತೋಟವೊಂದರ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಗೋಡೆಯ ಮೊಳೆಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಕಂಡಿದ್ದೇನೆ. ಒಳಗೆ ಪಡಿತರ ಚೀಟಿ, ಆಧಾರ್ ಕಾರ್ಡ್, ಮತ್ತು ಒಂದೂ ಮಾತ್ರೆ ಉಳಿಯದ ಖಾಲಿ ಪಟ್ಟಿ. ಅಂಗಡಿಯಲ್ಲಿ ತೋರಿಸಿ ಅದೇ ಮಾತ್ರೆ ಕೇಳಲೆಂದು ಜೋಪಾನ ಮಾಡಿದ್ದು. ಆಸ್ಪತ್ರೆ ತೆರೆದಿರುವ ಹೊತ್ತೇ ತೋಟದ ಕೆಲಸದ ಹೊತ್ತು. ಕಾಫಿ ಕೊಯ್ಲಿನ ದಿನಗಳಲ್ಲಿ ಅರ್ಧ ದಿನ ಹೋದರೆ ಸಂಬಳವೂ ಹೋಗುತ್ತದೆ ಎಂಬ ಲೆಕ್ಕ ಆ ಮನೆಯ ಕಾರ್ಮಿಕ ಹೆಂಗಸಿಗೆ ಗೊತ್ತು. ಬೆಳಗಿನ ಚಳಿಯಲ್ಲಿ ಸಾಲು ಹಿಡಿಯುವ ಮುನ್ನ ಪಕ್ಕದವಳು ಕೊಟ್ಟ ಎಲೆ ಅಡಿಕೆ, ಹೊಗೆಸೊಪ್ಪಿನ ಚೂರು ಬಾಯಿಗೆ ಹೋಗುತ್ತದೆ. ಅದು ಹಸಿವನ್ನೂ ತಡೆಯುತ್ತದೆ, ಸ್ನೇಹವನ್ನೂ ಉಳಿಸುತ್ತದೆ. ತೋಟದ ಕಾರ್ಮಿಕರಿಗೆ ವಸತಿ, ಕುಡಿಯುವ ನೀರು, ಚಿಕಿತ್ಸೆ ಒದಗಿಸಬೇಕೆಂದು 1951ರ ಕಾಯ್ದೆ ಹೇಳಿದ್ದು ಇವೆಲ್ಲ ವ್ಯಕ್ತಿಯ ಕೈಮೀರಿದ ಸಂಗತಿಗಳೆಂದು ತಿಳಿದೇ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 12,067 ಜನರನ್ನು 32 ವರ್ಷ ಗಮನಿಸಿದ ಮಾಹಿತಿಯನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ, ಸ್ನೇಹಿತನೊಬ್ಬನಿಗೆ ಬೊಜ್ಜು ಬಂದರೆ ಇವನಿಗೂ ಬರುವ ಸಾಧ್ಯತೆ ಶೇ. 57ರಷ್ಟು ಹೆಚ್ಚುತ್ತದೆಂದಿತು. ನಮ್ಮಲ್ಲಿ ಅದಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಮದುವೆಮನೆಯಲ್ಲಿ ಗ್ಲಾಸು ಬೇಡವೆಂದವನಿಗೆ ಎಷ್ಟು ಜನ ಕಾರಣ ಕೇಳುತ್ತಾರೆಂದು ನೋಡಿದರೆ ಸಾಕು. ಒಳ್ಳೆಯ ಅಭ್ಯಾಸವೂ ಹಾಗೆಯೇ ಹರಡುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಬಂದವು. ಮೈದಾನಕ್ಕಿಳಿಯಿರಿ ಎಂದು ಅವರಿಗೆ ಯಾವ ವೈದ್ಯರೂ ಬರೆದುಕೊಟ್ಟಿರಲಿಲ್ಲ; ಒಕ್ಕದ, ಅಂದರೆ ಮನೆತನದ, ಹೆಸರು ಕರೆಸಿತು.

ವಿರೋಧ: ನುಂಗುವ ಬಾಯಿ ಒಂದೇ

ಪಾಯಸದ ಹೋಲಿಕೆ ಸೊಗಸಾಗಿದೆ, ಆದರೆ ಅದೇ ವಾದದ ಕಾಲೆಳೆಯುತ್ತದೆ. ಪಾಯಸ ವರ್ಷಕ್ಕೊಮ್ಮೆ, ಮಾತ್ರೆ ದಿನಾ. ಹಬ್ಬಕ್ಕೆ ನೆಂಟರು ಬರುತ್ತಾರೆ, ಮಾತ್ರೆಯ ಹೊತ್ತಿಗೆ ಯಾರೂ ಬರುವುದಿಲ್ಲ. ಹಾಕಿ ಹಬ್ಬದ ಮಾತೂ ಅಷ್ಟೆ: ಆಡಿದವರಿಗಿಂತ ಕುಳಿತು ನೋಡಿದವರು ಎಷ್ಟೋ ಪಾಲು ಹೆಚ್ಚು, ಆಡಿದವರಲ್ಲೂ ಜೂನ್‌ ಮಳೆ ಹಿಡಿದ ಮೇಲೆ ಓಡುವವರು ತಮ್ಮ ಛಲದಿಂದ ಓಡುವವರೇ. ಫ್ರಾಮಿಂಗ್‌ಹ್ಯಾಮ್‌ನ ಅಂಕಿಗೂ ಇನ್ನೊಂದು ಓದು ಸಾಧ್ಯ. ಒಂದೇ ಬಗೆಯವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಸ್ನೇಹಿತರಾಗುತ್ತಾರೆ. ಯಾರು ಯಾರಿಂದ ಕಲಿತರೆಂದು ಬಿಡಿಸಿ ಹೇಳುವುದು ಸುಲಭವಲ್ಲ ಎಂಬ ಆಕ್ಷೇಪ ಆಗಲೇ ಬಂದಿತ್ತು.

ಲೈನ್ ಮನೆಯ ಹೆಂಗಸಿನ ಸಂಬಳದ ಲೆಕ್ಕವನ್ನು ನಾನು ಒಪ್ಪುತ್ತೇನೆ. ಅಲ್ಲಿ ಮಾಲೀಕನೂ ಸರ್ಕಾರವೂ ಉತ್ತರ ಹೇಳಬೇಕು. ಆದರೆ ಸುತ್ತಲನ್ನು ತಿದ್ದಿದಷ್ಟಕ್ಕೇ ಅಭ್ಯಾಸ ಬದಲಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಅನುಭವವೇ ತಡೆಯೊಡ್ಡುತ್ತದೆ. 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು. ಇಂದು ಸಂತೆ ಮುಗಿದ ಸಂಜೆ ತೋಟದ ಬೇಲಿಯಂಚಿನಲ್ಲಿ ಹಿಸುಕಿ ಎಸೆದ ಮದ್ಯದ ಟೆಟ್ರಾ ಪ್ಯಾಕುಗಳನ್ನು ಯಾರು ಬೇಕಾದರೂ ಎಣಿಸಬಹುದು. ಅಂಗಡಿಯ ಸರಕು ಬದಲಾಯಿತು, ಚಪಲ ಬದಲಾಗಲಿಲ್ಲ. ‘ಊರೇ ಹೀಗೆ’ ಎಂಬ ಮಾತು ಕುಡಿಯುವವನ ಬಾಯಲ್ಲೇ ಮೊದಲು ಬರುತ್ತದೆ ಎಂಬುದನ್ನೂ ಮರೆಯಬಾರದು.

ನನ್ನ ಸೋದರಮಾವಂದಿರಿಬ್ಬರು ಒಂದೇ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆಯಲ್ಲಿ) ಬೆಳೆದವರು. ಒಂದೇ ರಸ್ತೆ, ಒಂದೇ ಅಂಗಡಿ, ಒಂದೇ ನೆಂಟರ ಬಳಗ. ಹಿರಿಯರು ಬಿಪಿ ಇದೆಯೆಂದು ತಿಳಿದ ಮೇಲೂ ಮಾತ್ರೆಯನ್ನು ಆಗಾಗ ಬಿಟ್ಟರು. ಕಿರಿಯರು ಗ್ಲಾಸನ್ನೇ ಬಿಟ್ಟರು. ಮೊದಲ ಮದುವೆಯಲ್ಲಿ ಎಲ್ಲರೂ ಕೆಣಕಿದರು, ಎರಡನೆಯದರಲ್ಲಿ ಕೆಲವರು, ಮೂರನೆಯದರಲ್ಲಿ ನಿಂಬೆ ಸೋಡಾ ಕೇಳದೆಯೇ ಬಂತು. ಕಿರಿಯರಲ್ಲಿ ಮಾತ್ರೆಯ ಪಟ್ಟಿ ಈಗ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಮುಚ್ಚಳದ ಮೇಲಿರುತ್ತದೆ. ಅದನ್ನು ಎತ್ತದೆ ಬೆಳಗಿನ ಬೆಲ್ಲದ ಕಾಫಿಗೆ ಪುಡಿ ಸಿಗುವುದಿಲ್ಲ.