ಸತ್ಯಾಂಶ: ‘ಸಾವಿನ ಕಾರ್ಡ್’ ಬಂದರೆ ಸಾವು ಬರುತ್ತದೆಯೇ?

ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಚಿತ್ರದ ಕಾರ್ಡ್ ತೆಗೆದು ಭವಿಷ್ಯ ಹೇಳುವ ಟ್ಯಾರೋ ಈಜಿಪ್ಟಿನ 5,000 ವರ್ಷದ ವಿದ್ಯೆಯಂತೆ. ಸಾವಿನ ಕಾರ್ಡ್ ಬಂದರೆ ಮನೆಯಲ್ಲಿ ಸಾವು ಖಚಿತವಂತೆ. ಎರಡೂ ಸುಳ್ಳು.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಅದೂ ಆಟದ ಎಲೆಗಳಾಗಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ್ ಅಕ್ಕರೆಯಿಂದ ಬೆಳೆಸಿದ ಗಂಜೀಫಾ ಕೂಡ ಚಂದದ ಚಿತ್ರಗಳಿರುವ ಆಟದ ಎಲೆಗಳೇ ಅಲ್ವಾ? ಈಜಿಪ್ಟಿನ ಕಥೆ ಹಬ್ಬಿಸಿದ್ದು 1781ರಲ್ಲಿ, ಫ್ರಾನ್ಸಿನ ಲೇಖಕ ಕೂರ್ ದ ಜೆಬೆಲಾಂ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿ ಯಾರಿಗೂ ಓದಲು ಬರುತ್ತಿರಲಿಲ್ಲ. ಅದರ ಗುಟ್ಟು ಬಿಡಿಸಿದ್ದು 1822ರಲ್ಲಿ.

78 ಕಾರ್ಡ್‌ಗಳಲ್ಲಿ ಸಾವಿನದು 13ನೇ ಸಂಖ್ಯೆಯದು. ಟ್ಯಾರೋ ಓದುವವರೇ ಅದನ್ನು ಹಳೆಯದು ಮುಗಿದು ಹೊಸದು ಶುರುವಾಗುವ ಗುರುತು ಅನ್ನುತ್ತಾರೆ. ಕಲೆಸಿದ ಕಟ್ಟಿನಿಂದ ಯಾವ ಕಾರ್ಡ್ ಬರುತ್ತದೆ ಅನ್ನುವುದು ಬರೀ ಆಕಸ್ಮಿಕ.

ಕಷ್ಟದಲ್ಲಿರುವವರು ಕಾರ್ಡ್ ನೋಡುತ್ತಾ ಮನಸ್ಸಿನ ಮಾತು ಆಡಿ ಹಗುರಾದರೆ ತಪ್ಪೇನಿಲ್ಲ. ಆದರೆ ಹೆದರಿಸಿ ‘ಪರಿಹಾರ’ಕ್ಕೆ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಊಟ, ನಿದ್ದೆ ಬಿಟ್ಟುಹೋಗುವಷ್ಟು ಸಂಕಟವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸೇವೆ ಉಚಿತ. ರಾತ್ರಿ ಹೊತ್ತಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.