ಓಡೋ ಮಣೆಗೆ ಆಯುಧಪೂಜೆ

ನಮ್ಮನೆಯಲ್ಲಿ ಅದನ್ನು ಹೋವರ್‌ಬೋರ್ಡ್ ಅಂತ ಕರೆಯುವವನು ಮಗ ಒಬ್ಬನೇ. ಅಮ್ಮನ ಬಾಯಲ್ಲಿ ಅದು ‘ಓಡೋ ಮಣೆ’. ಹೆಂಡತಿ ಇನ್ನೂ ಹೆಸರಿಟ್ಟಿಲ್ಲ, ‘ನೀವು ತಂದಿದ್ದು’ ಅಂತಷ್ಟೇ ಅನ್ನುತ್ತಾಳೆ, ಆದರೆ ಆ ಅನ್ನೋ ಧಾಟಿಯಲ್ಲೇ ಎಲ್ಲಾ ಇದೆ. ಪರಿಚಯದವರ ಮಗ ಆಡಿ ಬೇಜಾರಾಗಿ ಮೂಲೆಗೆ ಹಾಕಿದ್ದನ್ನು ಅರ್ಧ ಬೆಲೆಗೆ ತಂದಿದ್ದೆ. ಸಸ್ತಾಕ್ಕೆ ಸಿಕ್ಕಿತು ಅಂತ ಅಷ್ಟೊಂದು ಹಿಗ್ಗಬಾರದಿತ್ತು.

ಎರಡು ಚಕ್ರ, ನಡುವೆ ಎರಡು ಪಾದ ಇಡೋಷ್ಟು ಜಾಗ, ಹಿಡಿದುಕೊಳ್ಳೋಕೆ ಏನೂ ಇಲ್ಲ. ಇದು ಬೀಳದೆ ಹೇಗೆ ನಿಲ್ಲುತ್ತೆ ಅಂತ ಅಮ್ಮ ಕೇಳಿದಾಗ ಕಡ್ಡಿಪೊರಕೆ ತಂದು ಅಂಗೈ ಮೇಲೆ ನಿಲ್ಲಿಸಿ ತೋರಿಸಿದೆ. ಪೊರಕೆ ಮುಂದಕ್ಕೆ ವಾಲಿದರೆ ಕೈಯನ್ನೂ ಮುಂದಕ್ಕೆ ತರುತ್ತೀವಲ್ಲ, ಇದೂ ಹಾಗೇ. ನಾವು ಮುಂದಕ್ಕೆ ವಾಲಿದ್ದನ್ನು ಒಳಗಿರೋ ಗೈರೋ ಸೆನ್ಸರ್ ಕಂಡುಹಿಡಿದು, ನಾವು ಮುಗ್ಗರಿಸೋ ಮೊದಲೇ ಚಕ್ರವನ್ನು ನಮ್ಮ ಕೆಳಕ್ಕೆ ಓಡಿಸುತ್ತೆ.

“ಅಂದ್ರೆ ಮೇಲೆ ನಿಂತೋನು ಪೊರಕೆ” ಅಂದರು ಅಮ್ಮ. ಅಷ್ಟು ಅರ್ಥವಾದರೆ ಸಾಕಿತ್ತು.

ಮಗನಿಗೆ ಬರೀ ಕಪ್ಪು ಬಣ್ಣ ಹಿಡಿಸಲಿಲ್ಲ. ಸ್ಟಿಕರ್ ಬೇಕು, ಲೈಟ್ ಬೇಕು. ಆಟೋಗಳಿಗೆ ಸ್ಟಿಕರ್ ಅಂಟಿಸೋ ಅಂಗಡಿಗೆ ಕರಕೊಂಡು ಹೋದೆ. ಸಮಸ್ಯೆ ಏನು ಅಂತ ಅಲ್ಲೇ ಗೊತ್ತಾಗಿದ್ದು. ಇದು ಮೇಲೆ ಕಾಲಿಟ್ಟು ನಿಲ್ಲೋ ಗಾಡಿ. ಚಾಮುಂಡಿ, ಆಂಜನೇಯ ಆಗಲ್ಲ. ‘ತಂದೆ ತಾಯಿ ಆಶೀರ್ವಾದ’ ಆಗಲ್ಲ. ಕನ್ನಡ ಬಾವುಟ ಆಗೋದೇ ಇಲ್ಲ. ಮಗ ಶಂಕರ್‌ನಾಗ್ ಚಿತ್ರ ಎತ್ತಿಕೊಂಡ. ಅಂಗಡಿಯವನು ನೋಡಿದ ನೋಟಕ್ಕೆ ನಾನೇ ಅದನ್ನು ತೆಗೆದು ವಾಪಸ್ ಇಟ್ಟೆ. ಇಡೀ ಅಂಗಡಿಯಲ್ಲಿ ತುಳಿಯಬಹುದಾದ್ದು ಅಂತ ಉಳಿದಿದ್ದು ಒಂದೇ, ‘ಅಂತರ ಕಾಪಾಡಿ’. ಅದನ್ನೇ ಹಾಕಿಸಿಕೊಂಡು ಬಂದೆವು.

ಲೈಟಿನ ಕಥೆ ಚಿಕ್ಕದು. ನಾನು ತಂದ ಎಲ್‌ಇಡಿ ಪಟ್ಟಿ 12 ವೋಲ್ಟಿನದು, ಬೋರ್ಡಿನ ಬ್ಯಾಟರಿ 36 ವೋಲ್ಟಿನದು. ತಳದ ಮುಚ್ಚಳ ಬಿಚ್ಚಿ ವೈರಿಗೆ ವೈರು ಸೇರಿಸಿದೆ. ಒಂದು ಕ್ಷಣ ಭಾರೀ ಬೆಳಕು ಬಂತು. ಆಮೇಲೆ ವಾಸನೆ ಬಂತು. ಅವತ್ತು ರಾತ್ರಿ ಅಮೆರಿಕದಿಂದ ತಮ್ಮ ಫೋನ್ ಮಾಡಿದ, ಮಗ ಆಗಲೇ ವರದಿ ಕಳಿಸಿಯಾಗಿತ್ತು. “ಅಣ್ಣಾ, ಬೇರೆ ಏನಾದ್ರೂ ಬಿಚ್ಚು, ಬ್ಯಾಟರಿ ತಂಟೆಗೆ ಮಾತ್ರ ಹೋಗಬೇಡ” ಅಂತ ಶುರು ಮಾಡಿ ಅರ್ಧ ಗಂಟೆ ಪಾಠ. ಅದರೊಳಗೆ ಇಪ್ಪತ್ತು ಲಿಥಿಯಂ ಸೆಲ್ ಇರ್ತವಂತೆ. 2015ರಲ್ಲಿ ಅಲ್ಲಿ ಇವು ಎಲ್ಲೆಂದರಲ್ಲಿ ಹೊತ್ತಿಕೊಂಡು, ಡಿಸೆಂಬರ್ ಹೊತ್ತಿಗೆ ದೊಡ್ಡ ದೊಡ್ಡ ವಿಮಾನ ಕಂಪನಿಗಳು ‘ನಮ್ಮ ವಿಮಾನದಲ್ಲಿ ತರಬೇಡಿ’ ಅಂದವು, 2016ರ ಜುಲೈನಲ್ಲಿ ಐದು ಲಕ್ಷಕ್ಕೂ ಜಾಸ್ತಿ ಬೋರ್ಡುಗಳನ್ನು ವಾಪಸ್ ಕರೆಸಿಕೊಂಡರು. ಇದನ್ನೆಲ್ಲ ಕೊಳ್ಳೋ ಮೊದಲೇ ಹೇಳಬಾರದಿತ್ತಾ ಅಂದೆ. ಕೊಳ್ತೀನಿ ಅಂತ ನೀನು ಹೇಳಿದ್ಯಾ ಅಂದ. ಅವತ್ತಿನಿಂದ ಬ್ಯಾಟರಿ ಡಬ್ಬಿಯನ್ನು ನಾನು ಮುಟ್ಟಿಲ್ಲ, ಅದನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗೋದನ್ನೂ ಬಿಟ್ಟಿದ್ದೇವೆ.

ಆದರೆ ನೀರಿನ ವಿಷಯ ತಮ್ಮ ಹೇಳಿರಲಿಲ್ಲ.

ಮೈಸೂರಿನಲ್ಲಿದ್ದುಕೊಂಡು ಆಯುಧಪೂಜೆಗೆ ಗಾಡಿ ತೊಳೆಯದೆ ಇರೋಕಾಗುತ್ತಾ? ಸ್ಕೂಟರ್ ತೊಳೆದಾಯ್ತು, ಮಗನ ಸೈಕಲ್ ತೊಳೆದಾಯ್ತು, ಅದೇ ಭರದಲ್ಲಿ ಇದೂ ಗಾಡಿಯೇ ಅಲ್ವಾ ಅಂತ ಪೈಪ್ ಅದರ ಕಡೆಗೂ ತಿರುಗಿತು. ಪೈಪ್ ಹಿಡಿದಿದ್ದು ನಾನು. ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ, ಮನೆಯಲ್ಲಿ ಇನ್ನೂ ಒಪ್ಪಿಕೊಂಡಿಲ್ಲ. ಆಮೇಲೆ ವಿಭೂತಿ, ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ, ಮೇಲೆ ಅಮ್ಮನ ಕೈಯಿಂದ ಧಾರಾಳವಾಗಿ ಅಕ್ಷತೆ. ಚಕ್ರದ ಮುಂದೆ ಎರಡು ನಿಂಬೆಹಣ್ಣು ಇಟ್ಟೆವು. ಸ್ಕೂಟರ್ ಒಂದೇ ಸಲಕ್ಕೆ ಹತ್ತಿ ಇಳಿದಿತ್ತು. ಮಗ ಬೋರ್ಡ್ ಹತ್ತಿ ಮುಂದಕ್ಕೆ ವಾಲಿದ. ಚಕ್ರ ನಿಂಬೆಹಣ್ಣಿಗೆ ತಾಗಿ ನಿಂತಿತು. ಇನ್ನೂ ವಾಲಿದ. ಇನ್ನೂ ಸ್ವಲ್ಪ. ಕೊನೆಗೆ ಬಲಗಡೆಯ ಹಣ್ಣು ಚಿಮ್ಮಿ ಮೋರಿಗೆ ಹೋಯ್ತು, ಬೋರ್ಡ್ ಗಿರಕಿ ಹೊಡೀತು, ಮಗ ಬಾಳೆಕಂದನ್ನು ತಬ್ಬಿಕೊಂಡು ನಿಂತ. ಎಡಗಡೆಯ ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ. ಮಾರನೇ ದಿನ ಚಿತ್ರಾನ್ನಕ್ಕೆ ಹಿಂಡಿದೆವು.

ಅಸಲಿ ಗಲಾಟೆ ಆಗಿದ್ದು ಸಂಜೆ. ಹಾಲಿನ ಮೂಲೆಯಲ್ಲಿ ಹೂವು ಮುಡಿದುಕೊಂಡು ಕೂತಿದ್ದ ಬೋರ್ಡನ್ನು ಮಗ ಆನ್ ಮಾಡಿದ. ಮೇಲೆ ಯಾರೂ ಇಲ್ಲ. ಆದರೂ ಎಡಗಡೆ ಚಕ್ರ ಗುರ್ ಅಂತ ನಡುಗಿ ತಿರುಗೋಕೆ ಶುರು ಮಾಡಿತು, ಬಲಗಡೆಯದು ಅಲ್ಲಾಡಲಿಲ್ಲ, ಹಾಗಾಗಿ ಇಡೀ ಬೋರ್ಡ್ ಕೆದರಿದ ಹೂವಿನ ಜೊತೆ ಇದ್ದಲ್ಲೇ ಸುತ್ತು ಹಾಕತೊಡಗಿತು. ಅಮ್ಮ ಕೂತಲ್ಲಿಂದಲೇ ಕೈಮುಗಿದರು. “ಮೈಮೇಲೆ ಬಂದಿದೆ ಕಣೋ, ಕರ್ಪೂರ ತಗೊಂಬಾ!” ಲಿಥಿಯಂ ಬ್ಯಾಟರಿ ಹತ್ರ ಕರ್ಪೂರ ಹಚ್ಚೋದು ಬೇಡ ಅಂತ ಅವರಿಗೆ ಹೇಳೋದು ಹೇಗೆ? ನಾನು ಎದ್ದು ಕಾಲಲ್ಲೇ ಒತ್ತಿ ಸ್ವಿಚ್ ಆರಿಸಿದೆ. ಮೈಮೇಲೆ ಬಂದಿದ್ದನ್ನು ಕಾಲಲ್ಲಿ ಇಳಿಸಿದ್ದಕ್ಕೆ ಬೇರೆ ಬೈಗುಳ.

ವಿಜಯದಶಮಿ ದಿನ ಊರೆಲ್ಲ ಜಂಬೂಸವಾರಿ ನೋಡ್ತಿದ್ದರೆ ನಾನು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಒಳಗೆ ನಾನಂದುಕೊಂಡಷ್ಟು ರಾಮಾಯಣ ಇಲ್ಲ. ಚೈನು ಇಲ್ಲ, ಬೆಲ್ಟು ಇಲ್ಲ, ಮೋಟಾರ್ ಇರೋದೇ ಚಕ್ರದೊಳಗೆ. ಅಲ್ಲಿಂದ ಮೂರು ದಪ್ಪ ವೈರು, ಐದು ಸಣ್ಣ ವೈರು ಬರ್ತವೆ, ಅಷ್ಟೇ. ವೈರೆಲ್ಲ ನೆಟ್ಟಗಿತ್ತು. ಕೊನೆಗೆ ಕಾಲಿಡೋ ಜಾಗದ ರಬ್ಬರ್ ಎಬ್ಬಿಸಿ ನೋಡಿದೆ. ಅದರ ಕೆಳಗೆ ಎರಡು ಪುಟ್ಟ ಕಂಬ, ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯ್ತಿರುತ್ತೆ. ನಾವು ಕಾಲಿಟ್ಟರೆ ರಬ್ಬರಿನ ಒಂದು ನಾಲಿಗೆ ಕೆಳಗಿಳಿದು ಆ ಬೆಳಕನ್ನು ತಡೆಯುತ್ತೆ, ಆಗ ಬೋರ್ಡಿಗೆ ‘ಓ, ಯಾರೋ ಹತ್ತಿದರು’ ಅಂತ ಗೊತ್ತಾಗೋದು. ಎಡಗಡೆಯ ಎರಡು ಕಂಬಗಳ ನಡುವೆ, ನೀರು ಕುಡಿದು ಉಬ್ಬಿ, ಹಳದಿ ಬಣ್ಣದ ಒಂದು ಅಕ್ಷತೆ ಕಾಳು ಕೂತಿತ್ತು. ಬೋರ್ಡಿನ ಲೆಕ್ಕದಲ್ಲಿ ಅಲ್ಲೊಬ್ಬ ಮನುಷ್ಯ ನಿಂತಿದ್ದ.

ಒದ್ದೆ ಆರಲಿ, ಅಕ್ಕಿ ಡಬ್ಬದಲ್ಲಿ ಹೂತಿಡಿ ಅಂದರು ಪಕ್ಕದ ಮನೆಯವರು. ಒಂದು ಅಕ್ಕಿಕಾಳು ಮಾಡಿದ್ದೇ ಸಾಕಾಗಿತ್ತು. ಫ್ಯಾನ್ ಕೆಳಗೆ ಎರಡು ದಿನ ಬಿಟ್ಟೆ.

ಜೋಡಿಸಿದ ಮೇಲೆ ಗೈರೋಗೆ ಮತ್ತೆ ಮಟ್ಟ ಕಲಿಸಬೇಕು, ಇಲ್ಲದಿದ್ದರೆ ಒಂದು ಕಡೆ ಎಳೆಯುತ್ತೆ. ಕಷ್ಟ ಏನಿಲ್ಲ. ಬೋರ್ಡನ್ನು ಸಮನಾಗಿ ನಿಲ್ಲಿಸಿ, ಲೈಟ್ ಮಿಣುಕೋವರೆಗೂ ಆನ್ ಬಟನ್ ಒತ್ತಿ ಹಿಡಿಯೋದು. ಆಗ ಹೇಗೆ ನಿಂತಿರುತ್ತೋ ಅದೇ ಸಮತಟ್ಟು ಅಂತ ಅದು ನಂಬಿಬಿಡುತ್ತೆ. ಪೋರ್ಟಿಕೋದಲ್ಲಿ ಗೇಟಿನ ಕಡೆ ಮುಖ ಮಾಡಿ ಇಟ್ಟು, ಹಿಂದೊಂದು ಮುಂದೊಂದು ಒಂದೇ ದಪ್ಪದ ಪುಸ್ತಕದ ಅಟ್ಟಿ ಕೊಟ್ಟು ಬಟನ್ ಒತ್ತಿದೆ. ಆಮೇಲೆ ರಸ್ತೆಗೆ ತಂದು ಮಗನನ್ನು ಹತ್ತಿಸಿದರೆ ಹಿಂದಕ್ಕೆ ಹೋಯ್ತು. ಅವನು ನೆಟ್ಟಗೆ ನಿಂತಷ್ಟೂ ಅದು ಹಿಂದಕ್ಕೇ ಎಳೆಯೋದು, ಶಾಲೆಯ ಮೊದಲ ದಿನದ ಮಗುವಿನ ಹಾಗೆ. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅಷ್ಟೇ.

ಪಕ್ಕದ ಮನೆ ಕಾಂಪೌಂಡ್ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಇದನ್ನೆಲ್ಲ ಬೀಡಿ ಸೇದುತ್ತಾ ನೋಡ್ತಿದ್ದ. ಹನ್ನೆರಡು ವರ್ಷದ ಹಿಂದೆ ನಮ್ಮನೆ ಕಟ್ಟಿದವನೂ ಅವನೇ. “ನೆಲ ವಾಟ ಐತೆ ಸಾರ್, ನೀರು ಗೇಟ್ ಕಡೆ ಹೋಗ್ಲಿ ಅಂತ ನಾನೇ ಕೊಟ್ಟಿದ್ದು” ಅಂದ. ಸರಿ, ನೆಲದ ಇಳಿಜಾರನ್ನೇ ಬೋರ್ಡ್ ಸಮತಟ್ಟು ಅಂತ ಕಲಿತಿತ್ತು. ಹಾಗಾದ್ರೆ ಮನೆಯಲ್ಲಿ ಮಟ್ಟ ಇರೋ ಜಾಗ ಎಲ್ಲಿದೆ ತೋರಿಸಪ್ಪಾ ಅಂದೆ. ರಸಮಟ್ಟ ತಂದ.

ಹಾಲಿನಲ್ಲಿ ಇಟ್ಟ. ಕೊಳವೆಯೊಳಗಿನ ಗುಳ್ಳೆ ಟಿವಿ ಕಡೆಗೆ ಸರಿಯಿತು.

“ಹಾಲಿಗೂ ವಾಟ ಕೊಟ್ಟಿದೀಯಾ?”

“ಅಮ್ಮಾವ್ರಿಗೆ ಒರೆಸೋಕೆ ಅನುಕೂಲ ಆಗ್ಲಿ ಅಂತ ಸಾರ್.”

ರೂಮಿನಲ್ಲಿ ಗುಳ್ಳೆ ಮೂಲೆಗೇ ಹೋಗಿ ಕೂತಿತು. “ಇದು ಮಳೆಗಾಲದಲ್ಲಿ ಹಾಕಿದ್ದು ಸಾರ್.” ದೇವರಮನೆಯಲ್ಲೂ ನಡುವೆ ನಿಲ್ಲಲಿಲ್ಲ. “ಈಶಾನ್ಯ ಸ್ವಲ್ಪ ತಗ್ಗಿರಬೇಕು ಸಾರ್, ವಾಸ್ತು.” ಪ್ರತಿ ಜಾಗಕ್ಕೂ ಅವನ ಹತ್ರ ಒಂದು ಕಾರಣ ಇತ್ತು, ಹನ್ನೆರಡು ವರ್ಷದಿಂದ ಯಾರಾದರೂ ಕೇಳಲಿ ಅಂತ ಕಾಯ್ತಿದ್ದನೇನೋ ಅನ್ನೋ ಹಾಗೆ.

ಕೊನೆಗೆ ಅಡುಗೆಮನೆ. ನೆಲ ಬಿಟ್ಟು, ಗ್ರಾನೈಟ್ ಕಟ್ಟೆ ಮೇಲೆ, ಮಿಕ್ಸಿ ಮತ್ತು ದೋಸೆಹಿಟ್ಟಿನ ಪಾತ್ರೆ ನಡುವೆ ರಸಮಟ್ಟ ಇಟ್ಟ. ಗುಳ್ಳೆ ಸರಿಯಾಗಿ ಎರಡು ಗೀಟಿನ ಮಧ್ಯೆ ನಿಂತಿತು. ಉದ್ದಕ್ಕೆ ಇಟ್ಟರೂ ಅಲ್ಲೇ, ಅಡ್ಡಕ್ಕೆ ಇಟ್ಟರೂ ಅಲ್ಲೇ. ಮೇಸ್ತ್ರಿ ಮುಖ ಅರಳಿತು.

“ನೋಡಿ ಸಾರ್ ಕೆಲಸ ಅಂದ್ರೆ!”

“ನೀವು ಹಾಕಿದ್ದು ಒಂದೇ ವರ್ಷಕ್ಕೆ ಕಿತ್ಕೊಂಡು ಬಂತಲ್ಲ” ಅಂದಳು ಹಿಂದಿನಿಂದ ಹೆಂಡತಿ. “ಇದು ಆಮೇಲೆ ನಾನು ಬೇರೆಯವರ ಹತ್ರ ಹಾಕಿಸಿದ್ದು.”

ಮೇಸ್ತ್ರಿ ರಸಮಟ್ಟ ಬಗಲಲ್ಲಿ ಇಟ್ಟುಕೊಂಡು ಹೊರಟ. ನಾನು ಬೋರ್ಡ್ ತಂದು ಕಟ್ಟೆ ಮುಂದೆ ನಿಂತೆ, ಮಗ ಎರಡು ಪುಸ್ತಕ ಹಿಡಿದು ನಿಂತ. ಹೆಂಡತಿ ಅದನ್ನೊಮ್ಮೆ ನೋಡಿದಳು, ತನ್ನ ಕಟ್ಟೆಯನ್ನೊಮ್ಮೆ ನೋಡಿದಳು.

“ಮೇಲಿಡೋದಾದ್ರೆ ಇಡಿ. ಮೊದ್ಲು ಅದನ್ನ ಚೆನ್ನಾಗಿ ತೊಳ್ಕೊಂಡು ಬನ್ನಿ.”