ಅಂತರಗಂಗೆಯೂ ಪಾಕ್ಷಿಕ ಸಭೆಯೂ

ನಮ್ಮೂರ ಕೆರೆಯನ್ನು ಮುಚ್ಚಿರುವ ಕಳೆ ಯಾವುದೆಂದು ಗುರುತಿಸಲು ರಚನೆಯಾದ ಸಮಿತಿಯು ಹದಿನೈದು ದಿನಗಳಿಗೊಮ್ಮೆ ಸಭೆ ಸೇರುತ್ತದೆ. ಬಿಸಿಲೂ ಚರಂಡಿ ನೀರೂ ಸಮೃದ್ಧವಾಗಿ ಒದಗಿದರೆ ಆ ಕಳೆಯೂ ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಕೊಡಗಿನಲ್ಲಿ ಈಚೆಗೆ ಮುಂಗಾರಿಗೂ ಇಷ್ಟು ಶಿಸ್ತಿಲ್ಲ.

ಮೊದಲ ತೊಡಕು ಹೆಸರಿನದು. ಜನ ಇದನ್ನು ಅಂತರಗಂಗೆ ಎನ್ನುತ್ತಾರೆ. ಆದರೆ ಸಸ್ಯಶಾಸ್ತ್ರ ಬಲ್ಲವರಿಗೆ ಅಂತರಗಂಗೆ ಎಂದರೆ ಎಲೆಕೋಸನ್ನು ಬಿಡಿಸಿ ನೀರಿನ ಮೇಲೆ ತೇಲಬಿಟ್ಟಂತಿರುವ ಪಿಸ್ಟಿಯಾ. ನಮ್ಮ ಕೆರೆಯಲ್ಲಿರುವುದೋ ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದು ಇಲ್ಲೇ ನೆಲೆಯೂರಿದ ನೇರಳೆ ಹೂವಿನ ವಾಟರ್ ಹಯಸಿಂತ್. ಈ ಗೊಂದಲ ಬಗೆಹರಿಯುವ ಮುನ್ನವೇ ಸದಸ್ಯರೊಬ್ಬರು ಇದು ಸಾಲ್ವಿನಿಯಾ ಏಕಾಗಿರಬಾರದು ಎಂದು ಕೇಳಿದರು. ಜರೀಗಿಡಗಳ ಕುಲದ ಸಾಲ್ವಿನಿಯಾ ಹೂವನ್ನೇ ಬಿಡದಾದ್ದರಿಂದ, ಏರಿಯ ಮೇಲೆ ಒಂದು ಗಳಿಗೆ ನಿಂತಿದ್ದರೆ ತೀರ್ಮಾನವಾಗುತ್ತಿತ್ತು, ಆದರೆ ಸಭೆ ನಡೆಯುತ್ತಿದ್ದುದು ಕೆರೆಯಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ. ಕೊನೆಗೆ ನಾನೇ ಒಂದು ಗಿಡವನ್ನು ಬಕೆಟ್ಟಿನಲ್ಲಿ ಹೊತ್ತೊಯ್ದು ಮೇಜಿನ ಮೇಲಿಟ್ಟು, ಗುಳ್ಳೆಯಂತೆ ಊದಿದ ತೊಟ್ಟನ್ನು ಹಿಸುಕಿದೆ. ಅದು ಟಪ್ಪೆಂದು ಒಡೆದು, ಒಳಗೆ ಗಾಳಿ ತುಂಬಿದ ಬೆಂಡಿನಂಥ ತಿರುಳು ಕಾಣಿಸಿತು. ಹೂವಿನ ಮೇಲ್ದಳದಲ್ಲಿ ನವಿಲುಗಣ್ಣಿನಂಥ ಹಳದಿ ಮಚ್ಚೆಯೂ ಇತ್ತು. ಅಧ್ಯಕ್ಷರು ಬಹಳ ಹೊತ್ತು ನೋಡಿ, “ಚೆನ್ನಾಗಿದೆ” ಎಂದರು. “ಮಾದರಿಯನ್ನು ಸ್ವೀಕರಿಸಲಾಗಿದೆ” ಎಂದು ನಡಾವಳಿಯಲ್ಲಿ ದಾಖಲಾಯಿತು.

ನಡುವೆ ಒಮ್ಮೆ ನಿಯಂತ್ರಣವೂ ನಡೆಯಿತೆನ್ನಬೇಕು. ಜೆಸಿಬಿಗೆ ಪೂಜೆಯಾಯಿತು, ಕಾಯಿ ಒಡೆಯಲಾಯಿತು, ಎತ್ತಿದ ಕಳೆಗೆ ಟನ್ ಲೆಕ್ಕದಲ್ಲಿ ಬಿಲ್ಲಾಯಿತು. ಈ ಗಿಡದ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ನೀರೇ ಆದ್ದರಿಂದ, ನಮ್ಮ ಕೆರೆಯ ನೀರನ್ನು ನಾವೇ ಹಣ ಕೊಟ್ಟು ತೂಗಿಸಿಕೊಂಡ ಪುಣ್ಯ ನಮ್ಮದಾಯಿತು. ಏರಿಯ ಮೇಲೆ ಬಿಟ್ಟಿದ್ದ ರಾಶಿಯು ಕಕ್ಕಡ ಮಾಸದ ಮಳೆಗೆ ಜಾರಿ, ಯಾರ ಅಪ್ಪಣೆಗೂ ಕಾಯದೆ, ತವರು ಸೇರಿತು.

ಕಠಿಣ ಕಾಯ್ದೆ ಬೇಕೆಂದು ಒಬ್ಬರು ಗುಡುಗಿದರು. ಬಂಗಾಳ 1936ರಲ್ಲೇ ಇದರ ಮೇಲೊಂದು ಕಾಯ್ದೆ ಮಾಡಿತ್ತು. ಕಳೆ ಅದನ್ನು ಓದಲಿಲ್ಲವೆಂದು ತೋರುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಕಡೆ ಇದಕ್ಕೆಂದೇ ವಿದೇಶದಿಂದ ತರಿಸಿ ಬಿಟ್ಟ ನಿಯೋಕೆಟಿನಾ ಎಂಬ ಮೂತಿಹುಳುವಿನ ವಿಚಾರವನ್ನು ನಾನು ಎತ್ತಿದೆ. ಬೆಳೆದ ಹುಳು ಎಲೆಯನ್ನು ಕೆರೆದು ತಿಂದರೆ, ಮರಿಹುಳು ತೊಟ್ಟನ್ನು ಕೊರೆದು ಬುಡಕ್ಕಿಳಿಯುತ್ತದೆ; ಕೆಲಸ ನಿಧಾನವಾದರೂ ಊಟ ಅದರದೇ. ಕಾಂಡಕೊರಕದಿಂದ ಕಾಫಿ ಗಿಡಗಳನ್ನು ಕಿತ್ತು ಸುಟ್ಟ ಬೆಳೆಗಾರರು ಹುಳು ಎಂದೊಡನೆ ಬೆಚ್ಚಿದ್ದು ಸಹಜ. ಆದರೆ ಲೆಕ್ಕಪತ್ರ ವಿಭಾಗದ ಆಕ್ಷೇಪಣೆ ಇನ್ನೂ ಮೂಲಭೂತವಾಗಿತ್ತು: ಹುಳುವಿಗೆ ಜಿಎಸ್‌ಟಿ ಸಂಖ್ಯೆ ಇರಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, “ಸ್ವಾಮಿ, ಮೊದಲು ಊರ ಚರಂಡಿಯನ್ನೂ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರನ್ನೂ ಕೆರೆಗೆ ಬಿಡುವುದು ನಿಲ್ಲಿಸಿ, ಕಳೆಗೆ ಗೊಬ್ಬರ ಹಾಕುತ್ತಿರುವವರು ನಾವೇ” ಎಂದರು. ಚರಂಡಿಯು ಬೇರೊಂದು ಸಮಿತಿಯ ವ್ಯಾಪ್ತಿಗೆ ಸೇರುತ್ತದೆಂದು ಅಧ್ಯಕ್ಷರು ವಿನಯದಿಂದಲೇ ತಿಳಿಸಿದರು. ಆ ಸಮಿತಿ ತಿಂಗಳಿಗೊಮ್ಮೆ ಸೇರುತ್ತದಂತೆ. ಅಂದರೆ ಸಭೆಯಿಂದ ಸಭೆಗೆ ಕಳೆ ನಾಲ್ಕು ಪಟ್ಟು.